ಕೇಳುವವರಿದ್ದರೆ ಓದುವವರಿದ್ದಾರೆ

ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ಓದುವ ಬಗೆ



ಪರೀಕ್ಷೆ ಮುಗಿಯಿತು, ಶಾಲೆಯ ಚೀಲ ಮೂಲೆ ಸೇರಿತು. ಇನ್ನು ಮೇ ತಿಂಗಳ ಕೊನೆಯವರೆಗೆ ಮಕ್ಕಳು ಮನೆಯಲ್ಲೇ. ಮೊದಲ ವಾರ ಮನೆ ತುಂಬ ಸಡಗರ. ಎರಡನೆಯ ವಾರ ಅಣ್ಣತಮ್ಮಂದಿರ ಜಗಳ. ಮೂರನೆಯ ವಾರಕ್ಕೆ ಅವರ ಕೈಗೆ ಮೊಬೈಲು ಬರುತ್ತದೆ. ಅದನ್ನು ಕಿತ್ತುಕೊಳ್ಳುವುದೇ ನಮಗೊಂದು ಕೆಲಸವಾಗುತ್ತದೆ. ಆಗ ನಮ್ಮ ಬಾಯಿಂದ ಹೊರಡುವ ಮಾತು ಒಂದೇ: “ಹೋಗು, ಏನಾದರೂ ಓದಿಕೋ.”

ಈ ಮಾತಿನಲ್ಲಿ ‘ಓದಿಕೋ’ ಎಂಬುದು ಸರಿ. ‘ಹೋಗು’ ಎಂಬುದು ಸರಿಯಲ್ಲ. ಮಗು ಅದರಿಂದ ತಿಳಿದುಕೊಳ್ಳುವುದು ಇಷ್ಟೇ: ಓದು ಎಂದರೆ ದೊಡ್ಡವರಿಂದ ದೂರ, ಆಟದಿಂದ ದೂರ, ಒಂಟಿಯಾಗಿ ಕೂರುವ ಶಿಕ್ಷೆ. ಈ ರಜೆಯಲ್ಲಿ ಮಾತನ್ನು ಸ್ವಲ್ಪ ತಿರುಗಿಸಿ ನೋಡಿ: “ಬಾ ಕಂದ, ನನಗೊಂದಿಷ್ಟು ಓದಿ ಹೇಳು.” ಕೇಳುವವರು ಇದ್ದಲ್ಲಿ ಓದುವವರು ತಾವಾಗಿ ಬರುತ್ತಾರೆ. ಇಂದಿನ ಪಾಠವೆಲ್ಲ ಈ ಒಂದು ಮಾತಿನ ವಿವರಣೆ.

ಅಕ್ಷರ ಬರುತ್ತದೆ, ಅರ್ಥ ಬರುವುದಿಲ್ಲ

ನಾಲ್ಕನೆಯ ಅಥವಾ ಐದನೆಯ ತರಗತಿಯ ನಿಮ್ಮ ಮಗುವನ್ನು ಹತ್ತಿರ ಕೂರಿಸಿಕೊಂಡು ಒಂದು ಪುಟ ಓದಿಸಿ. ಕಾಗುಣಿತವೆಲ್ಲ ಬರುತ್ತಿರಬಹುದು. ಆದರೆ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಒತ್ತಕ್ಷರದ ಪದ ಎದುರಾದೊಡನೆ ಎಷ್ಟೋ ಮಕ್ಕಳ ಬಂಡಿ ನಿಂತುಬಿಡುತ್ತದೆ. ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಏನಿತ್ತೆಂಬುದು ಮರೆತಿರುತ್ತದೆ.

ಇದು ದಡ್ಡತನವಲ್ಲ. ಶಕ್ತಿಯೆಲ್ಲ ಅಕ್ಷರ ಕೂಡಿಸುವುದಕ್ಕೇ ಖರ್ಚಾದರೆ ಅರ್ಥ ಹಿಡಿಯಲು ಏನೂ ಉಳಿಯುವುದಿಲ್ಲ. ಹೊಸದಾಗಿ ಸೈಕಲ್ ಕಲಿಯುವವನ ಗಮನವೆಲ್ಲ ಪೆಡಲಿನ ಮೇಲಿರುತ್ತದೆ. ದಾರಿ ಅವನಿಗೆ ಕಾಣುವುದಿಲ್ಲ. ಅಭ್ಯಾಸವಾದ ಮೇಲೆ ಕಾಲು ತಾನಾಗಿ ತುಳಿಯುತ್ತದೆ, ಕಣ್ಣು ದಾರಿ ನೋಡುತ್ತದೆ. ಓದಿಗೂ ಅಭ್ಯಾಸವೇ ಮದ್ದು. ದಿನಕ್ಕೆ ಹತ್ತು ಹದಿನೈದು ನಿಮಿಷವಾದರೂ ಸಾಕು.

ಒಂದೂವರೆ ತಿಂಗಳು ಪುಸ್ತಕವನ್ನೇ ಮುಟ್ಟದಿದ್ದರೆ, ಮೊದಲೇ ತಡವರಿಸುತ್ತಿದ್ದ ಮಗು ಜೂನ್ ತಿಂಗಳಲ್ಲಿ ಇನ್ನಷ್ಟು ತಡವರಿಸುತ್ತದೆ. ತರಗತಿಯಲ್ಲಿ ನಾಲ್ಕು ಮಂದಿ ನಕ್ಕರೆ ಬಾಯಿ ಮುಚ್ಚಿಕೊಳ್ಳುತ್ತದೆ. ಬಾಯಿ ಮುಚ್ಚಿಕೊಂಡ ಮಗು ಕೆಲವು ವರ್ಷಗಳಲ್ಲಿ ಶಾಲೆ ಬಿಡಲು ನೆಪ ಹುಡುಕುತ್ತದೆ. ಆದ್ದರಿಂದ ರಜೆಯ ಓದು ಬರಿಯ ಕಾಲಕ್ಷೇಪವಲ್ಲ.

ಸೋಸಲೆಯ ಒಂದು ಮನೆ

ಮಾತು ಗಾಳಿಯಲ್ಲಿ ತೇಲಿಹೋಗದಿರಲಿ ಎಂದು ಒಂದು ಊರನ್ನೇ ಎದುರಿಗಿಟ್ಟುಕೊಳ್ಳೋಣ. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ಕಪಿಲೆಯರ ಸಂಗಮದ ಹತ್ತಿರ ಸೋಸಲೆ ಇದೆ. ಭತ್ತ, ಕಬ್ಬು ಬೆಳೆಯುವ ಸೀಮೆ. ಅಲ್ಲಿನ ಸಾಧಾರಣ ಮನೆಯೊಂದನ್ನು ಊಹಿಸಿಕೊಳ್ಳಿ. ತಂದೆ ಹೊಲದಿಂದಲೋ ಕೂಲಿಯಿಂದಲೋ ಸಂಜೆಗೆ ದಣಿದು ಬರುತ್ತಾರೆ. ತಾಯಿಗೆ ಒಂದಿಷ್ಟು ಓದು ಬರುತ್ತದೆ, ಅಥವಾ ಬರುವುದಿಲ್ಲ. ಅಜ್ಜಿಗೆ ರುಜು ಹಾಕುವುದೂ ಕಷ್ಟ. ಪುಸ್ತಕಕ್ಕೆಂದು ತೆಗೆದಿಟ್ಟ ಹಣ ಇಲ್ಲ. ಈ ಮನೆಯಲ್ಲಿ ನಡೆಯಬಲ್ಲದ್ದು ಯಾವ ಧರ್ಮಕೇಂದ್ರದ ಯಾವ ಮನೆಯಲ್ಲಾದರೂ ನಡೆದೀತು.

1. ಪುಸ್ತಕ ಕೈಗೆಟುಕುವಂತಿರಲಿ

ಲೊಯೋಲದ ಸಂತ ಇಗ್ನೇಷಿಯಸರ ಕಥೆ ನಿಮಗೆ ಗೊತ್ತು. 1521ರ ಮೇ ತಿಂಗಳಲ್ಲಿ ಪಂಪ್ಲೋನದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಅವರ ಕಾಲು ಮುರಿಯಿತು. ಆ ಬೇಸಿಗೆಯನ್ನು ಅವರು ಮನೆಯಲ್ಲಿ ಹಾಸಿಗೆಯ ಮೇಲೆ ಕಳೆಯಬೇಕಾಯಿತು. ಬೇಸರ ಕಳೆಯಲು ವೀರಯೋಧರ ಸಾಹಸದ ಕಥೆಗಳನ್ನು ಕೇಳಿದರು. ಮನೆಯಲ್ಲಿ ಅಂಥ ಪುಸ್ತಕ ಸಿಗಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆ. ಬೇರೇನೂ ಇಲ್ಲದೆ ಅದನ್ನೇ ಓದಿದರು. ಆ ಓದು ಅವರ ಬಾಳನ್ನೇ ತಿರುಗಿಸಿತು. ಕೈಗೆ ಸಿಕ್ಕಿದ್ದನ್ನು ಮನುಷ್ಯ ಓದುತ್ತಾನೆ. ಹಾಗಾದರೆ ನಮ್ಮ ಮಕ್ಕಳ ಕೈಗೆ ನಾವು ಏನು ಸಿಗುವಂತೆ ಮಾಡಿದ್ದೇವೆ?

ಒಂದು ರಟ್ಟಿನ ಪೆಟ್ಟಿಗೆ ತೆಗೆದುಕೊಂಡು ನಡುಮನೆಯಲ್ಲಿ, ಮಗುವಿನ ಕೈಗೆ ಸಿಗುವ ಎತ್ತರದಲ್ಲಿ ಇಡಿ. ಬೀರುವಿನೊಳಗೆ ಬೀಗ ಹಾಕಿಟ್ಟ ಪುಸ್ತಕ ಇದ್ದೂ ಇಲ್ಲದಂತೆ. ಅಕ್ಕನ ಹಳೆಯ ಕನ್ನಡ ಪಠ್ಯ, ಪತ್ರಿಕೆಯ ಮಕ್ಕಳ ಪುಟ, ಅಟ್ಟದ ಮೇಲೆ ಉಳಿದಿರಬಹುದಾದ ಹಳೆಯ ‘ಚಂದಮಾಮ’ ಎಲ್ಲವೂ ಪೆಟ್ಟಿಗೆಗೆ ಬರಲಿ. ‘ಚಂದಮಾಮ’ ಈಗ ಬರುವುದಿಲ್ಲ. ಆದರೆ ಕಥೆಗೆ ವಯಸ್ಸಾಗುವುದಿಲ್ಲ.

ಆಮೇಲೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮಗುವಿನ ಕೈಹಿಡಿದು ಹೋಗಿ. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತವಾಗಿ ಕೊಡಲಾಯಿತು. ಚಿಕ್ಕವರಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇದೆಯೇ ಎಂದು ವಿಚಾರಿಸಿ. ಹೈಸ್ಕೂಲಿನವರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಕೇಳಿ. ನಿರಂಜನರು ಸಂಪಾದಿಸಿದ ‘ವಿಶ್ವಕಥಾಕೋಶ’ದ 25 ಸಂಪುಟಗಳಲ್ಲಿ ಒಂದೆರಡು ಸಿಕ್ಕರೂ ಮನೆಯಲ್ಲೇ ಕುಳಿತು ದೇಶದೇಶಗಳನ್ನು ಸುತ್ತಿ ಬರಬಹುದು. ನಾಲ್ಕು ಮನೆಯವರು ಒಂದಾದರೆ ಇನ್ನೂ ಒಳ್ಳೆಯದು: ಮನೆಗೆ ಎರಡು ಪುಸ್ತಕ, ಪ್ರತಿ ಭಾನುವಾರ ಪೂಜೆಯ ನಂತರ ಅದಲುಬದಲು.

2. ಓದು ಬಾರದ ತಾಯಿಯೂ ಗುರುವೇ

“ನಮಗೇ ಓದು ಬರುವುದಿಲ್ಲ, ಮಕ್ಕಳಿಗೇನು ಹೇಳಿಕೊಡೋಣ?” ಎಂದು ಕೆಲವು ತಾಯಂದಿರು ನಾಚಿಕೆಯಿಂದ ಹಿಂದೆ ಸರಿಯುತ್ತಾರೆ. ಅವರು ಮೈಸೂರಿನ ಸೈಯದ್ ಇಸಾಕ್ ಅವರನ್ನು ನೆನೆಯಬೇಕು. ಇವರು ಕೂಲಿ ಮಾಡಿ ಬದುಕಿದವರು, ಶಾಲೆಯ ಓದು ಇಲ್ಲದವರು. ಆದರೂ ತಮ್ಮಂತೆ ಬೇರೆಯವರು ಆಗಬಾರದೆಂದು ರಾಜೀವನಗರದಲ್ಲಿ 2011ರಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯ ತೆರೆದರು. ಸುಮಾರು 11 ಸಾವಿರ ಪುಸ್ತಕಗಳು ಕೂಡಿದ್ದವು. ಅವುಗಳಲ್ಲಿ ಭಗವದ್ಗೀತೆ, ಕುರಾನ್, ಬೈಬಲ್ ಪ್ರತಿಗಳೂ ಇದ್ದವು. 2021ರ ಏಪ್ರಿಲಿನಲ್ಲಿ ಎಲ್ಲವೂ ಬೆಂಕಿಗೆ ಆಹುತಿಯಾದಾಗ ನಾಡಿನ ನಾನಾ ಕಡೆಯಿಂದ ಜನ ನೆರವಿಗೆ ಬಂದರು. ತಾನು ಓದಲಾರದವನು ಸಾವಿರ ಜನರನ್ನು ಓದಿಸಬಹುದಾದರೆ, ತಾಯಿ ತನ್ನ ಇಬ್ಬರು ಮಕ್ಕಳನ್ನು ಓದಿಸಲಾರಳೇ?

ತಾಯಿ ಮಾಡಬೇಕಾದದ್ದು ಇಷ್ಟು. ಅವರೆಕಾಳು ಸುಲಿಯುವಾಗ, ಅಕ್ಕಿ ಆರಿಸುವಾಗ ಮಗು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಲಿ. ಮುಗಿದ ಮೇಲೆ ಮೂರು ಪ್ರಶ್ನೆ: ಕಥೆಯಲ್ಲಿ ಯಾರಿದ್ದರು? ಏನಾಯಿತು? ನೀನಾಗಿದ್ದರೆ ಏನು ಮಾಡುತ್ತಿದ್ದೆ? ಈ ಪ್ರಶ್ನೆ ಕೇಳಲು ಅಕ್ಷರ ಬೇಕಿಲ್ಲ, ಕಿವಿ ಬೇಕು. ಅಮ್ಮನಿಗೆ ಗೊತ್ತಿಲ್ಲದ ಕಥೆಯನ್ನು ತಾನು ಹೇಳುತ್ತಿದ್ದೇನೆಂದು ತಿಳಿದಾಗ ಮಗುವಿಗೆ ಬರುವ ಹುಮ್ಮಸ್ಸು ಬೇರೆ ಯಾವ ಬಹುಮಾನದಿಂದಲೂ ಬಾರದು.

3. ಕೇಳಿದ್ದನ್ನು ಪುಸ್ತಕ ಮಾಡಿ

ಸೋಸಲೆಯ ಹೆಸರನ್ನು ನಾಡಿಗೆಲ್ಲ ತಿಳಿಸಿದವರಲ್ಲಿ ಸೋಸಲೆ ಅಯ್ಯಾ ಶಾಸ್ತ್ರಿಗಳು ಒಬ್ಬರು. 1854ರಲ್ಲಿ ಹುಟ್ಟಿ 1934ರವರೆಗೆ ಬಾಳಿದ ಈ ಕವಿ ಮೈಸೂರು ಅರಮನೆಯ ವಿದ್ವಾಂಸರಾಗಿದ್ದರು. ಹಳೆಯ ಮೈಸೂರಿನ ಶಾಲೆಗಳಲ್ಲಿ ತಲೆಮಾರುಗಳ ಮಕ್ಕಳು ಕೈಮುಗಿದು ಹಾಡಿದ ‘ಸ್ವಾಮಿ ದೇವನೆ’ ಪ್ರಾರ್ಥನೆ ಅವರದು. 1958ರ ‘ಸ್ಕೂಲ್ ಮಾಸ್ಟರ್’ ಚಿತ್ರದಲ್ಲೂ ಅದು ಬಂತು. ಅದನ್ನು ಹಾಡಬಲ್ಲ ಎಷ್ಟೋ ಹಿರಿಯರು ಅಚ್ಚಿನಲ್ಲಿ ಅದನ್ನು ನೋಡಿಯೇ ಇರಲಾರರು. ಕಿವಿಯಿಂದ ಕಿವಿಗೆ ಬಂದದ್ದು.

ನಿಮ್ಮ ಮನೆಯ ಅಜ್ಜ ಅಜ್ಜಿಯರಿಂದ ಅವರ ಶಾಲೆಯ ಪ್ರಾರ್ಥನೆ, ನಾಟಿಯ ಪದ, ಒಗಟು, ಗಾದೆ, ಕಥೆಗಳನ್ನು ಹೇಳಿಸಿ. ಮಕ್ಕಳು ಕೇಳಿ ಬರೆದುಕೊಳ್ಳಲಿ. ಒಂದು ಪುಟಕ್ಕೆ ಒಂದು ಕಥೆ, ಎದುರು ಪುಟಕ್ಕೆ ಚಿತ್ರ. ಸೂಜಿದಾರದಿಂದ ಹೊಲಿದರೆ ಮನೆಯದೇ ಪುಸ್ತಕ. ತಾನೇ ಬರೆದದ್ದನ್ನು ಓದುವಾಗ ಮಗು ತಡವರಿಸುವುದು ಕಡಿಮೆ. ಏಕೆಂದರೆ ಮುಂದಿನ ಮಾತು ಏನೆಂದು ಅದಕ್ಕೆ ಗೊತ್ತಿರುತ್ತದೆ.

ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಗಳಲ್ಲಿ ಒಂದು ಹೀಗಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವೆರಡೂ ಆಕೆ ಮಲಗಿದ್ದಾಗ ಹೊರಗೆ ಹಾರಿ, ಜೋಡು ಮತ್ತು ಅಂಗಿಯಾಗಿ ಬಾಗಿಲ ಬಳಿ ಕುಳಿತವು. ಯಾರದೆಂದು ಗಂಡ ಕೇಳಿದ, ಆಕೆಗೆ ಗೊತ್ತಿರಲಿಲ್ಲ. ಆತ ಸಿಟ್ಟಿನಿಂದ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಅಲ್ಲಿಗೆ ಬಂದು ಮಾತಾಡುವುದನ್ನು ಕೇಳಿ ನಿಜ ತಿಳಿದ. ಬೆಳಿಗ್ಗೆ ಬಂದು ಕಥೆ ಹೇಳೆಂದರೆ, ಆಕೆಗೆ ಎರಡೂ ಮರೆತುಹೋಗಿದ್ದವು. ಅಜ್ಜಿಯ ಕಥೆಯನ್ನು ಈ ರಜೆಯಲ್ಲೇ ಕೇಳಿಕೊಳ್ಳಿ. ಮುಂದಿನ ರಜೆಗೆ ಅಜ್ಜಿ ಇರುತ್ತಾರೋ ಇಲ್ಲವೋ, ಇದ್ದರೂ ನೆನಪು ಇರುತ್ತದೋ ಇಲ್ಲವೋ.

4. ಓದು ಆಟವಾಗಲಿ

ಜೋಡಿ ಓದು: ದೊಡ್ಡವರು ಒಂದು ವಾಕ್ಯ ಓದಲಿ, ಮಗು ಅದನ್ನೇ ಮತ್ತೆ ಓದಲಿ. ನಾಲ್ಕು ದಿನದ ನಂತರ ಒಂದು ವಾಕ್ಯ ನಿಮ್ಮದು, ಮುಂದಿನದು ಮಗುವಿನದು.

ಪಾತ್ರ ಹಂಚಿಕೆ: ಕಿಂದರಿಜೋಗಿಯ ಪದ್ಯಕ್ಕೆ ಒಬ್ಬ ಜೋಗಿ, ಒಬ್ಬ ಗೌಡ ಸಾಕು, ಉಳಿದವರೆಲ್ಲ ಇಲಿಗಳು. ಪುಟ್ಟ ಮಗುವೂ ಕಿಚಕಿಚ ಎಂದು ಸೇರಿಕೊಳ್ಳಬಹುದು.

ನಾಳೆಗೆ ಉಳಿಸುವುದು: ಕಥೆ ರಂಗೇರಿದಾಗ ಪುಸ್ತಕ ಮುಚ್ಚಿ, ಪೆಟ್ಟಿಗೆಯ ಮೇಲೇ ಇಟ್ಟುಬಿಡಿ. ಕುತೂಹಲ ತಾಳದ ಮಗು ತಾನೇ ತೆಗೆದು ಓದಿಕೊಂಡರೆ ನೋಡಿಯೂ ನೋಡದಂತಿರಿ.

ತಮ್ಮನಿಗೆ ಓದುವುದು: ದೊಡ್ಡ ಹುಡುಗನೊಬ್ಬ ಓದಿನಲ್ಲಿ ಹಿಂದಿದ್ದರೆ ಅವನ ಕೈಗೆ ಚಿಕ್ಕವರ ಪುಸ್ತಕ ಕೊಟ್ಟು “ನೀನು ಓದಿಕೋ” ಎನ್ನಬೇಡಿ, ಅವಮಾನವಾಗುತ್ತದೆ. “ತಂಗಿಗೆ ಓದಿ ಹೇಳು” ಎನ್ನಿ. ಅದೇ ಪುಸ್ತಕ, ಆದರೆ ಈಗ ಅವನು ಅಣ್ಣ, ಮೇಷ್ಟ್ರು. ತಂಗಿ ಅದೇ ಕಥೆಯನ್ನು ಹತ್ತು ಸಲ ಓದಿಸುತ್ತಾಳೆ. ಅವನಿಗೆ ಬೇಕಾದದ್ದೂ ಅದೇ.

ಮನೆಯ ಕಾಗದಗಳು: ಬೀಜದ ಪೊಟ್ಟಣ, ಬಸ್ಸಿನ ಬೋರ್ಡು, ಲಗ್ನಪತ್ರಿಕೆ, ಔಷಧಿಯ ಚೀಟಿ ಎಲ್ಲವನ್ನೂ ಮಗು ಓದಲಿ. ಓದಿನಿಂದ ಮನೆಗೆ ಉಪಯೋಗವಿದೆಯೆಂದು ಅದು ಕಣ್ಣಾರೆ ಕಾಣಲಿ.

5. ಓದಿದ್ದನ್ನು ನೋಡಿ ಬನ್ನಿ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಎರಡನ್ನೂ ಒಂದೇ ದಿನ ಮಾಡಬಹುದು. ಸೋಸಲೆಯ ಮಕ್ಕಳಿಗಾದರೆ ತಲಕಾಡು, ಸೋಮನಾಥಪುರ ಎರಡೂ ತಮ್ಮ ತಾಲ್ಲೂಕಿನಲ್ಲೇ ಇವೆ. ತಲಕಾಡು ಗಂಗರ ರಾಜಧಾನಿಯಾಗಿತ್ತು, ಚೋಳರ ಕೈಗೆ ಹೋಯಿತು, ಮುಂದೆ ಹೊಯ್ಸಳ ವಿಷ್ಣುವರ್ಧನ ಅದನ್ನು ಗೆದ್ದು ಕೀರ್ತಿನಾರಾಯಣ ಗುಡಿ ಕಟ್ಟಿಸಿದ. ಇಷ್ಟನ್ನು ಮನೆಯಲ್ಲಿ ಓದಿ ಹೋದ ಮಗುವಿಗೆ ಅಲ್ಲಿನ ಮರಳು ಬರಿಯ ಮರಳಾಗಿರುವುದಿಲ್ಲ. 13ನೆಯ ಶತಮಾನದ ಸೋಮನಾಥಪುರದ ಗುಡಿ 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವಪರಂಪರೆಯ ಪಟ್ಟಿ ಸೇರಿತು. ಅಲ್ಲಿ ದೊಡ್ಡದೊಂದು ಕನ್ನಡ ಶಾಸನ ನಿಂತಿದೆ. ಅದರಲ್ಲಿ ಗುರುತು ಸಿಗುವ ಅಕ್ಷರಗಳೆಷ್ಟು, ಯಾರು ಹೆಚ್ಚು ಹುಡುಕುತ್ತಾರೆ ಎಂದು ಮಕ್ಕಳಲ್ಲಿ ಪಂದ್ಯ ಕಟ್ಟಿ. ನಿಮ್ಮ ಊರಿನ ಹತ್ತಿರ ಹಳೆಯ ದೇವಾಲಯದ ಕಲ್ಲೋ, ಸಮಾಧಿಯ ಬರಹವೋ ಇದ್ದರೆ ಅದೂ ಒಂದು ಪುಟವೇ.

6. ಜಪಸರದ ನಂತರ ಒಂದು ಅಧ್ಯಾಯ

ಯೇಸುಸ್ವಾಮಿ ತಾವು ಬೆಳೆದ ನಜರೇತಿನ ಪ್ರಾರ್ಥನಾಮಂದಿರದಲ್ಲಿ ಎದ್ದು ನಿಂತು ಯೆಶಾಯನ ಗ್ರಂಥವನ್ನು ಓದಿದಾಗ, ನೆರೆದವರ ದೃಷ್ಟಿಯೆಲ್ಲ ಅವರ ಮೇಲೆಯೇ ಇತ್ತೆಂದು ಸಂತ ಲೂಕರು ಬರೆದಿದ್ದಾರೆ. ಒಬ್ಬರು ಓದುವುದು, ಊರೆಲ್ಲ ಕೇಳುವುದು ನಮ್ಮ ಧರ್ಮಸಭೆಯ ಅಂದಿನಿಂದ ಬಂದ ರೂಢಿ. ಮನೆಯಲ್ಲೂ ಅದು ನಡೆಯಲಿ. ರೂತಳ ಗ್ರಂಥಕ್ಕೆ ನಾಲ್ಕೇ ಅಧ್ಯಾಯ, ನಾಲ್ಕು ಸಂಜೆ ಸಾಕು. ತೋಬಿತನ ಗ್ರಂಥಕ್ಕೆ ಹದಿನಾಲ್ಕು. ಅದರಲ್ಲಿ ಪ್ರಯಾಣವಿದೆ, ದೊಡ್ಡ ಮೀನಿದೆ, ಜೊತೆಗೆ ನಡೆಯುವ ನಾಯಿಯೂ ಇದೆ. ಜೋಸೆಫನ ಕಥೆ ಓದುವುದಾದರೆ, ಅಣ್ಣಂದಿರು ಅವನನ್ನು ಬಾವಿಗೆ ತಳ್ಳಿದಲ್ಲಿಗೆ ಮೊದಲ ಸಂಜೆ ನಿಲ್ಲಿಸಿ. ಮಾರನೆಯ ದಿನ ಮಕ್ಕಳೇ ನಿಮ್ಮನ್ನು ಕರೆಯುತ್ತಾರೆ.

ಮೂರು ಎಚ್ಚರಿಕೆ

ಓದುವಾಗ ಪ್ರತಿ ತಪ್ಪಿಗೂ ತಡೆಯಬೇಡಿ. ವಾಕ್ಯ ಮುಗಿಯಲಿ, ಆಮೇಲೆ ಮೆಲ್ಲಗೆ ತಿದ್ದಿ. ಓದನ್ನು ಶಿಕ್ಷೆಯಾಗಿ ಕೊಡಬೇಡಿ; ಪಕ್ಕದ ಮನೆಯ ಮಗುವಿನೊಡನೆ ಹೋಲಿಸಲೂಬೇಡಿ. ಮತ್ತು ಆ ಹದಿನೈದು ನಿಮಿಷ ಮಕ್ಕಳ ಮೊಬೈಲಿನೊಂದಿಗೆ ನಿಮ್ಮ ಮೊಬೈಲನ್ನೂ ಪಕ್ಕಕ್ಕಿಡಿ. ಅರ್ಧ ಕಿವಿಯಿಂದ ಕೇಳುವವರಿಗೆ ಯಾವ ಮಗುವೂ ಬಹಳ ದಿನ ಓದುವುದಿಲ್ಲ.

ಮನೆಯಲ್ಲಿ ಕೂಡಿ ಮಾತನಾಡಲು

1. ನಮ್ಮ ಮನೆಯಲ್ಲಿ ಮಗುವಿನ ಕೈಗೆ ಸುಲಭವಾಗಿ ಸಿಗುವ ವಸ್ತು ಯಾವುದು: ಪುಸ್ತಕವೋ, ಮೊಬೈಲೋ?

2. ಕಳೆದ ಒಂದು ತಿಂಗಳಲ್ಲಿ ನಮ್ಮ ಮಗು ನಮಗೆ ಏನನ್ನಾದರೂ ಗಟ್ಟಿಯಾಗಿ ಓದಿ ಹೇಳಿದೆಯೇ?

3. ನಮ್ಮ ಹಿರಿಯರಿಗೆ ಗೊತ್ತಿರುವ, ಇನ್ನೂ ಯಾರೂ ಬರೆದುಕೊಳ್ಳದ ಕಥೆ ಯಾವುದು?

ಈ ವಾರದ ಕೆಲಸ: ಶನಿವಾರದೊಳಗೆ ಪೆಟ್ಟಿಗೆ ನಡುಮನೆಗೆ ಬರಲಿ. ಭಾನುವಾರ ಸಂಜೆ ಮನೆಯ ಅತಿ ಚಿಕ್ಕ ಓದುಗ ಒಂದು ಪುಟ ಓದಲಿ; ಉಳಿದವರೆಲ್ಲ ಸುಮ್ಮನೆ ಕುಳಿತು ಕೇಳಿ.