ಯಂತ್ರಗಳ ಹೂಂಗುಟ್ಟುವಿಕೆ

ಅಜ್ಜಿಯು ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕೆಂಬುದು ನಮ್ಮಲ್ಲಿ ಬಹುಕಾಲದ ರೂಢಿ. ಆ ದನಿ ನಿಂತರೆ ಮಕ್ಕಳು ನಿದ್ದೆ ಹೋದರೆಂದು ತಿಳಿದು ಆಕೆ ಕಥೆಯನ್ನು ನಿಲ್ಲಿಸುವಳು. ಯಂತ್ರಗಳ ಸಂಭಾಷಣೆಯಲ್ಲಿಯೂ ಇಂತಹ ಕಟ್ಟಳೆಯುಂಟು. ಅದಕ್ಕೆ ಹಸ್ತಲಾಘವವೆಂದು ಹೆಸರು.

ನಮ್ಮ ಪುಣೆಯ ಸಿ-ಡ್ಯಾಕ್ ಸಂಸ್ಥೆಯು 1991ರಲ್ಲಿ ಸಿದ್ಧಪಡಿಸಿದ ಪರಮ್ 8000 ಸೂಪರ್ ಕಂಪ್ಯೂಟರಿನಲ್ಲಿ ಟ್ರಾನ್ಸ್‌ಪ್ಯೂಟರುಗಳೆಂಬ ಸಂಸ್ಕಾರಕಗಳಿದ್ದವು. ಒಂದು ಟ್ರಾನ್ಸ್‌ಪ್ಯೂಟರು ಮತ್ತೊಂದಕ್ಕೆ ಕಳುಹಿಸುವ ಪ್ರತಿಯೊಂದು ಬೈಟಿಗೂ 2 ಬಿಟ್‌ಗಳ ಉತ್ತರವು ಮರಳಿ ಬರಬೇಕಾಗಿತ್ತು. ಅದು ಬಂದ ಹೊರತು ಮುಂದಿನ ಬೈಟು ಹೊರಡುತ್ತಿರಲಿಲ್ಲ. ಆದರೆ ಬೈಟು ದಾರಿಯಲ್ಲಿ ಕೆಟ್ಟಿತೇ ಎಂದು ಪರೀಕ್ಷಿಸುವ ಏರ್ಪಾಡು ಆ ಕೊಂಡಿಯಲ್ಲಿರಲಿಲ್ಲ.

1996ರಲ್ಲಿ ಹೊರಬಂದ ಯು.ಎಸ್.ಬಿ. ಪದ್ಧತಿಯಲ್ಲಿ ಈ ಏರ್ಪಾಡು ಇದೆ. ಮೈಕ್ರೋಕಂಟ್ರೋಲರ್ ಉಳ್ಳ ಉಷ್ಣಮಾಪಕವೊಂದನ್ನು ಗಣಕಯಂತ್ರಕ್ಕೆ ಜೋಡಿಸಿದೆವೆಂದು ಭಾವಿಸೋಣ. ಮಾತನ್ನು ಆರಂಭಿಸುವ ಹಕ್ಕು ಗಣಕಯಂತ್ರದ್ದು. ಅದು ಕೇಳಿದಾಗ ಉಷ್ಣಮಾಪಕವು ಅಳತೆಯನ್ನು ಕೊಡುವುದು. ಅಳತೆ ಸಿದ್ಧವಿಲ್ಲದಿದ್ದರೆ ‘ನ್ಯಾಕ್’, ಎಂದರೆ ‘ತುಸು ತಾಳು’, ಎನ್ನುವುದು, ಇದು ದೋಷವಲ್ಲ. ನಡೆಸಲಾಗದ ಕೋರಿಕೆಗೆ ‘ಸ್ಟಾಲ್’ ಎನ್ನುವುದು. ಅಳತೆ ಸರಿಯಾಗಿ ತಲುಪಿದರೆ ಗಣಕಯಂತ್ರವು ‘ಆ್ಯಕ್’ ಎಂದು ಹೂಂಗುಟ್ಟುವುದು.

ಅಳತೆಯೊಡನೆ 16 ಬಿಟ್‌ಗಳ ತಾಳೆ ಸಂಖ್ಯೆಯೂ ಬರುತ್ತದೆ. ತಾಳೆ ತಪ್ಪಿದರೆ ಗಣಕಯಂತ್ರವು ಉತ್ತರವೀಯದೆ, ಮತ್ತೆ ಕೇಳುವುದು. ಮೂರು ಸಲವೂ ಕೆಟ್ಟರೆ ಪ್ರಯತ್ನವನ್ನು ನಿಲ್ಲಿಸಿ ದೋಷವನ್ನು ತಿಳಿಸುವುದು.

ಹೀಗಿರಲು ಒಂದು ತೊಡಕುಂಟು. ಅಳತೆ ಸರಿಯಾಗಿ ತಲುಪಿ, ಆ್ಯಕ್ ಮಾತ್ರ ದಾರಿಯಲ್ಲಿ ಹಾಳಾದರೆ? ಉಷ್ಣಮಾಪಕಕ್ಕೆ ಎರಡೂ ಮೌನಗಳು ಒಂದೇ. ಅದು ಹಿಂದಿನ ಅಳತೆಯನ್ನೇ ಮತ್ತೆ ಕೊಡುವುದು. 24, 26, 28 ಡಿಗ್ರಿಗಳ ಸರಾಸರಿ 26. ಕೊನೆಯದನ್ನು ಎರಡು ಸಲ ಎಣಿಸಿದರೆ 26.5. ಪ್ರಯೋಗವೇ ಸುಳ್ಳಾಯಿತು! ಇದನ್ನು ತಡೆಯಲು ಪ್ಯಾಕೆಟ್‌ಗಳಿಗೆ 0, 1 ಎಂಬ ಗುರುತುಗಳನ್ನು ಸರದಿಯಂತೆ ಹಾಕುವರು. ಹಿಂದಿನ ಗುರುತೇ ಮರಳಿ ಬಂದರೆ ಗಣಕಯಂತ್ರವು ಆ್ಯಕ್ ಹೇಳುವುದು, ಅಳತೆಯನ್ನು ಮಾತ್ರ ಕೈಬಿಡುವುದು.

ಆದುದರಿಂದ ಮೈಕ್ರೋಕಂಟ್ರೋಲರಿಗೆ ಪ್ರೋಗ್ರಾಂ ಬರೆಯುವಾಗ ನಾವು ನಾಲ್ಕು ನಿಯಮಗಳನ್ನು ಪಾಲಿಸಬೇಕು. ಆ್ಯಕ್ ಬರುವವರೆಗೆ ಅಳತೆಯನ್ನು ಅಳಿಸಕೂಡದು. ಅಲ್ಲಿಯವರೆಗೆ ಗುರುತನ್ನೂ ಬದಲಿಸಕೂಡದು. ಗಣಕಯಂತ್ರವು ರೀಸೆಟ್ ಮಾಡಿದರೆ ಅರ್ಧಕ್ಕೆ ನಿಂತ ಮಾತನ್ನು ಬಿಟ್ಟು ಮೊದಲಿನಿಂದ ಆರಂಭಿಸಬೇಕು. ತಂತಿಯನ್ನೇ ಯಾರಾದರೂ ಕಿತ್ತಿರಬಹುದಾದ್ದರಿಂದ, ಉತ್ತರಕ್ಕಾಗಿ ಕೊನೆಯಿಲ್ಲದೆ ಕಾಯುತ್ತ ಬೇರೆ ಕೆಲಸಗಳನ್ನು ನಿಲ್ಲಿಸಬಾರದು.

ಮೌನವೆಂದರೆ ‘ತಲುಪಲಿಲ್ಲ’ ಎಂದೇ ಅರ್ಥವಲ್ಲ. ಈ ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಉಳಿದ ನಿಯಮಗಳ ಕಾರಣವನ್ನು ನೀವೇ ಊಹಿಸಬಲ್ಲಿರಿ.