ಆಟದ ಬಯಲಿನ ಅಂಚಿನಲ್ಲಿ

ವ್ಯಾಯಾಮದ ಪೀರಿಯಡ್ಡಿನಲ್ಲಿ ಎಲ್ಲರ ಚಪ್ಪಲಿ, ಚೀಲಗಳನ್ನು ಕಾಯುವ ಕೆಲಸ ಯಾರ ಪಾಲಿಗೆ ಬೀಳುತ್ತದೆ? ಹೆಚ್ಚಾಗಿ ಕಾಲು ಊನವಾದ ಸಹಪಾಠಿಯ ಪಾಲಿಗೆ. ಮರದ ನೆರಳಿನಲ್ಲಿ ಕೂರಿಸಿ, ‘ನೀನು ಸ್ಕೋರು ಬರೆ’ ಎನ್ನುವುದು ರೂಢಿ. ಅದಕ್ಕೆ ಕನಿಕರವೆಂದು ಹೆಸರು.

ನಮ್ಮ ಹೊಸೂರಿನ ದಕ್ಷಿಣಕ್ಕಿರುವ ಸೇಲಂ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದ ಮಾರಿಯಪ್ಪನ್ ತಂಗವೇಲು ಅವರನ್ನು ನೋಡೋಣ. ಐದನೆಯ ವಯಸ್ಸಿನಲ್ಲಿ ಶಾಲೆಗೆ ನಡೆದುಹೋಗುತ್ತಿದ್ದಾಗ ಬಸ್ಸು ಹರಿದು ಅವರ ಬಲಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಯಿತು. ತಾಯಿ ಕೂಲಿ ಮಾಡಿ, ತರಕಾರಿ ಮಾರಿ ಸಾಕಿದರು. ಶಾಲೆಯ ವ್ಯಾಯಾಮ ಶಿಕ್ಷಕರು ಹುಡುಗನನ್ನು ನೆರಳಿಗೆ ಕಳುಹಿಸದೆ ಎತ್ತರ ಜಿಗಿತಕ್ಕೆ ಹಚ್ಚಿದರು. ಹದಿನಾಲ್ಕರ ವಯಸ್ಸಿನಲ್ಲಿ, ಎರಡು ಕಾಲೂ ಸರಿಯಿದ್ದ ಹುಡುಗರೊಡನೆ ಸ್ಪರ್ಧಿಸಿ ಎರಡನೆಯವರಾದರು. 2016ರ ರಿಯೊ ಪ್ಯಾರಾಲಿಂಪಿಕ್ಸಿನಲ್ಲಿ 1.89 ಮೀಟರ್ ಜಿಗಿದು ಚಿನ್ನ ಗೆದ್ದರು. ನಮ್ಮಲ್ಲಿ ಬಹುಮಂದಿಯ ತಲೆಗಿಂತ ಎತ್ತರ!

ಎಲ್ಲರೂ ಮಾರಿಯಪ್ಪನ್ ಆಗಬೇಕಾಗಿಲ್ಲ, ಆಡಿದರೆ ಸಾಕು. ಆಟದ ನಿಯಮಗಳೇನೂ ಶಿಲಾಶಾಸನವಲ್ಲ. ಅಂಧರ ಕ್ರಿಕೆಟ್ಟಿನಲ್ಲಿ ಚೆಂಡಿನೊಳಗೆ ಗುಂಡುಗಳು ಗಲಗಲಿಸುತ್ತವೆ. ಬ್ಯಾಟು ಹಿಡಿದವನು ಕಿವಿಯಿಂದ ಆಡುತ್ತಾನೆ. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಯೂರೋಪಿನಲ್ಲಿ ಹುಟ್ಟಿದ ಗೋಲ್‌ಬಾಲ್‌ನಲ್ಲಿ ಚೆಂಡಿಗೆ ಗೆಜ್ಜೆ. ತಂಡಕ್ಕೆ ಮೂವರು. ಆಡುವವರೆಲ್ಲ ಕಣ್ಣು ಮುಚ್ಚಿಕೊಳ್ಳಬೇಕು, ನೋಡುವವರು ಬಾಯಿ ಮುಚ್ಚಿಕೊಳ್ಳಬೇಕು. (ನಮ್ಮ ತರಗತಿಗೆ ಕಷ್ಟವಾಗುವುದು ಎರಡನೆಯದೇ!)

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಂತೆ, ಆಟಪಾಟಗಳಲ್ಲೂ ಇತರರಷ್ಟೇ ಅವಕಾಶವನ್ನು ಶಾಲೆ ಒದಗಿಸಬೇಕು. ಇನ್ನು ತಂದೆತಾಯಿಯರು: ‘ಬಿದ್ದಾನು, ಆಟಕ್ಕೆ ಬಿಡಬೇಡಿ’ ಎಂದು ಚೀಟಿ ಬರೆಯುವ ಮೊದಲು ಮಗನನ್ನೇ ಕೇಳಲಿ, ‘ಯಾವ ಆಟ ಆಡ್ತೀಯಪ್ಪಾ?’ ಎಂದು.