ಅಪಾಯಮೂಲ ಮತ್ತು ಅಪಾಯಸಂಭವ: ಎಸೆಕ್ಸ್ ಕೌಂಟಿಯ ಒಂದು ಕಟ್ಟಡ, ಎರಡು ಅವಧಿಗಳ ಪಾಠ

ಪೀಠಿಕೆ

ಸಮಾಜ ವಿಜ್ಞಾನ ಬೋಧನಾ ವಿಧಾನದ ತರಗತಿಯಲ್ಲಿ ‘ಕಾನೂನು ಮತ್ತು ಹೊಣೆಗಾರಿಕೆ’ ಎಂಬ ಘಟಕಕ್ಕೆ ನಾನು ಎರಡು ಅವಧಿಗಳ ಪ್ರಾತ್ಯಕ್ಷಿಕೆ ಪಾಠ ಮಾಡಿದೆ. ಆಯ್ದುಕೊಂಡ ವಿಷಯ ಅಗ್ನಿ ಅಪಾಯದ ಅಂದಾಜು. ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯಲ್ಲಿ ಅಂಗಡಿ, ಕಚೇರಿ, ಹೋಟೆಲು ನಡೆಸುವವರೂ ಹಲವು ಕುಟುಂಬಗಳಿರುವ ಕಟ್ಟಡವನ್ನು ಬಾಡಿಗೆಗೆ ಕೊಡುವವರೂ ಇದನ್ನು ಮಾಡಲೇಬೇಕು. ಅಲ್ಲಿ ಇದಕ್ಕೆ ಫೈರ್ ರಿಸ್ಕ್ ಅಸೆಸ್‌ಮೆಂಟ್ ಎನ್ನುತ್ತಾರೆ.

ಇಷ್ಟು ದೂರದ ವಿಷಯವೇಕೆ ಎಂದು ಪ್ರಶಿಕ್ಷಣಾರ್ಥಿಗಳು ಕೇಳಿದರು. ಕಾರಣ ಎರಡು. ಹೊಣೆ ಸರ್ಕಾರದಿಂದ ಕಟ್ಟಡ ನೋಡಿಕೊಳ್ಳುವವರ ಕೈಗೆ ಹೇಗೆ ದಾಟಿತು ಎಂಬುದನ್ನು ಹಂತಹಂತವಾಗಿ ತೋರಿಸಲು ಈ ಕೌಂಟಿ ಒಳ್ಳೆಯ ಉದಾಹರಣೆ. ಅಲ್ಲದೆ ಕರ್ನಾಟಕದಿಂದ ಇಂಗ್ಲೆಂಡಿಗೆ ಓದಲು ಹೋಗುವವರಲ್ಲಿ ಅನೇಕರು ಹಂಚಿಕೊಂಡ ಬಾಡಿಗೆ ಮನೆಗಳಲ್ಲಿಯೇ ಇರುತ್ತಾರೆ.

ಪಾಠದ ಉದ್ದೇಶಗಳು

ಪಾಠ ಮುಗಿದಾಗ ವಿದ್ಯಾರ್ಥಿಗಳು:
1. ಅಪಾಯಮೂಲ ಮತ್ತು ಅಪಾಯಸಂಭವಗಳ ವ್ಯತ್ಯಾಸವನ್ನು ಸ್ವಂತ ಉದಾಹರಣೆಯಿಂದ ವಿವರಿಸುವರು.
2. ಅಂದಾಜಿನ ಐದು ಹಂತಗಳನ್ನು ಒಂದು ಕಟ್ಟಡಕ್ಕೆ ಅನ್ವಯಿಸುವರು.
3. ಯಾವ ಹೊಣೆ ಯಾರದು ಎಂಬುದನ್ನು ಕಾರಣಸಹಿತ ಗುರುತಿಸುವರು.

ಪೂರ್ವಜ್ಞಾನ

ಬೆಂಕಿಗೆ ಶಾಖ, ಇಂಧನ, ಆಮ್ಲಜನಕ ಮೂರೂ ಬೇಕು ಎಂಬುದು ವಿಜ್ಞಾನ ಪಾಠದಿಂದ ಗೊತ್ತಿದೆ. ‘ಬೆಂಕಿಯಿಂದ ಸುರಕ್ಷಿತವಾದ ಕಟ್ಟಡ ಯಾವುದು?’ ಎಂದು ಕೇಳಿದಾಗ ಬಂದ ಉತ್ತರಗಳಲ್ಲಿ ಹೆಚ್ಚಿನವು ಎರಡೇ: ಕೆಂಪು ಸಿಲಿಂಡರ್ ತೂಗುಹಾಕಿರುವ ಕಟ್ಟಡ, ಸರ್ಟಿಫಿಕೇಟ್ ಪಡೆದಿರುವ ಕಟ್ಟಡ. ಈ ಎರಡನೆಯ ಉತ್ತರವನ್ನೇ ನಾನು ಕಪ್ಪುಹಲಗೆಯ ಮೇಲೆ ಬರೆದು ಪಾಠಕ್ಕೆ ಪ್ರವೇಶ ಮಾಡಿದೆ.

ಹಂತ 1: ಸರ್ಟಿಫಿಕೇಟಿನಿಂದ ಅಂದಾಜಿನ ಕಡೆಗೆ

ಎಸೆಕ್ಸಿನ ವಾಯವ್ಯಕ್ಕೆ ಸ್ಯಾಫ್ರನ್ ವಾಲ್ಡನ್ ಎಂಬ ಹಳೆಯ ಪೇಟೆಯಿದೆ. ಒಂದು ಕಾಲದಲ್ಲಿ ಅಲ್ಲಿ ಬೆಳೆಯುತ್ತಿದ್ದ ಕೇಸರಿಯೇ ಊರಿನ ಹೆಸರಿಗೆ ಮೂಲ. 1969ರ ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮಾರನೆಯ ದಿನ, ಅಲ್ಲಿನ ರೋಸ್ ಆ್ಯಂಡ್ ಕ್ರೌನ್ ಹೋಟೆಲಿನಲ್ಲಿ ಬೆಂಕಿ ಬಿದ್ದು 11 ಜನ ಸತ್ತರು. ಹೋಟೆಲುಗಳ ಬೆಂಕಿ ಸುರಕ್ಷತೆಗೆ ಬಿಗಿಯಾದ ಕಾನೂನು ಬೇಕೆಂಬ ಕೂಗಿಗೆ ಈ ದುರಂತ ಬಲ ಕೊಟ್ಟಿತು. 1971ರಲ್ಲಿ ಫೈರ್ ಪ್ರಿಕಾಷನ್ಸ್ ಆ್ಯಕ್ಟ್ ಬಂತು. ಅದರ ಪ್ರಕಾರ ಅಗ್ನಿಶಾಮಕ ಪ್ರಾಧಿಕಾರ ಕಟ್ಟಡವನ್ನು ನೋಡಿ ಸರ್ಟಿಫಿಕೇಟ್ ಕೊಡಬೇಕು. ಹೋಟೆಲು, ವಸತಿಗೃಹಗಳು ಮೊದಲು ಇದರ ವ್ಯಾಪ್ತಿಗೆ ಬಂದವು.

ಇಲ್ಲಿ ತರಗತಿಗೆ ಒಂದು ಪ್ರಶ್ನೆ ಹಾಕಿದೆ: ‘ಸರ್ಟಿಫಿಕೇಟ್ ಸಿಕ್ಕ ಮರುದಿನ ಮಾಲೀಕ ಮೆಟ್ಟಿಲ ಕೆಳಗೆ ಹಳೆಯ ಹಾಸಿಗೆಗಳನ್ನು ಪೇರಿಸಿಟ್ಟರೆ?’ ಕಾಗದ ಗೋಡೆಯ ಮೇಲೆ ಇದ್ದೇ ಇರುತ್ತದೆ, ಕಟ್ಟಡ ಮಾತ್ರ ನಿನ್ನೆಯದಲ್ಲ ಎಂದು ವಿದ್ಯಾರ್ಥಿಗಳೇ ಹೇಳಿದರು. ಬದಲಾದ ಕಾನೂನನ್ನು ಆಗ ಪರಿಚಯಿಸಿದೆ. ರೆಗ್ಯುಲೇಟರಿ ರಿಫಾರ್ಮ್ ಫೈರ್ ಸೇಫ್ಟಿ ಆರ್ಡರ್ 2005, ಜಾರಿಗೆ ಬಂದದ್ದು 2006ರ ಅಕ್ಟೋಬರ್ 1ರಂದು. ಇದು ಹಳೆಯ ಸರ್ಟಿಫಿಕೇಟ್ ಪದ್ಧತಿಯನ್ನು ಕೊನೆಗೊಳಿಸಿ ‘ಹೊಣೆಗಾರ ವ್ಯಕ್ತಿ’ ಎಂಬ ಪರಿಕಲ್ಪನೆಯನ್ನು ತಂದಿತು. ಅಂದಾಜು ಮಾಡುವುದು, ಮಾಡಿಸುವುದು, ಮತ್ತೆ ಮತ್ತೆ ನೋಡುವುದು ಆ ವ್ಯಕ್ತಿಯ ಕೆಲಸ. ಎಸೆಕ್ಸ್ ಕೌಂಟಿ ಫೈರ್ ಆ್ಯಂಡ್ ರೆಸ್ಕ್ಯೂ ಸರ್ವೀಸ್ ಅಂದಾಜನ್ನು ಮಾಡಿಕೊಡುವುದಿಲ್ಲ. ಅದು ಬಂದು ಪರಿಶೀಲಿಸುತ್ತದೆ, ನೋಟಿಸು ಕೊಡುತ್ತದೆ, ಪ್ರಾಣಕ್ಕೆ ಗಂಭೀರ ಅಪಾಯವಿದ್ದರೆ ಕಟ್ಟಡದ ಬಳಕೆಯನ್ನೇ ತಡೆಯಬಲ್ಲದು, ಮೊಕದ್ದಮೆ ಹೂಡಬಲ್ಲದು. ಗಂಭೀರ ಅಪರಾಧಕ್ಕೆ ಮಿತಿಯಿಲ್ಲದ ದಂಡ, ಎರಡು ವರ್ಷಗಳವರೆಗೆ ಜೈಲು.

ಹಂತ 2: ಒಂದು ಪದ, ಎರಡು ಅರ್ಥ

ಕನ್ನಡದಲ್ಲಿ ಈ ಪಾಠ ಮಾಡುವವರಿಗೆ ತೊಡಕಾಗುವುದು ಇಲ್ಲಿ. ನಾವು ‘ಅಪಾಯ’ ಎಂಬ ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಕಾದ ಎಣ್ಣೆಯ ಬಾಣಲೆಯೂ ಅಪಾಯ. ಅದರಿಂದ ಯಾರಿಗಾದರೂ ಕೇಡಾಗುವ ಸಾಧ್ಯತೆಯೂ ಅಪಾಯ. ಮೊದಲನೆಯದನ್ನು ಅಪಾಯಮೂಲ, ಎರಡನೆಯದನ್ನು ಅಪಾಯಸಂಭವ ಎಂದು ಬೇರೆ ಮಾಡಿಕೊಂಡೆ. ಅಪಾಯಮೂಲ ವಸ್ತುವಿನಲ್ಲಿದೆ, ಅಥವಾ ಸ್ಥಿತಿಯಲ್ಲಿದೆ. ಅಪಾಯಸಂಭವವನ್ನು ಹೇಳಬೇಕಾದರೆ ಎರಡು ಪ್ರಶ್ನೆ ಕೇಳಲೇಬೇಕು: ಬೆಂಕಿ ಏಳುವ ಸಾಧ್ಯತೆ ಎಷ್ಟು? ಎದ್ದರೆ ಯಾರಿಗೆ, ಎಷ್ಟು ಕೇಡು?

ಎರಡನೆಯ ಪ್ರಶ್ನೆ ಕೇಳದೆ ಬರೆದದ್ದು ಪಟ್ಟಿಯಾಗುತ್ತದೆಯೇ ಹೊರತು ಅಂದಾಜು ಆಗುವುದಿಲ್ಲ. ಇಡೀ ಪಾಠದ ತಿರುಳು ಇದು.

ಹಂತ 3: ಕಟ್ಟಡದೊಳಗೆ

ಗುಂಪು ಚಟುವಟಿಕೆಗಾಗಿ ಎಸೆಕ್ಸಿನ ಕಾಲ್ಚೆಸ್ಟರ್ ನಗರದಲ್ಲಿರುವಂತೆ ಒಂದು ಕಟ್ಟಡವನ್ನು ಕಲ್ಪಿಸಿ ನಕ್ಷೆ ಬರೆದೆ. ನೆಲ ಅಂತಸ್ತಿನಲ್ಲಿ ಮೀನು ಮತ್ತು ಆಲೂಗಡ್ಡೆ ಕರಿದು ಮಾರುವ ಅಂಗಡಿ. ಮೊದಲ ಮಹಡಿಯಲ್ಲಿ ದಂಪತಿ, ಇಬ್ಬರು ಮಕ್ಕಳು. ಎರಡನೆಯ ಮಹಡಿಯಲ್ಲಿ ಮೂವರು ವಿದ್ಯಾರ್ಥಿಗಳು. ಮೇಲಿನವರೆಲ್ಲರಿಗೂ ಒಂದೇ ಮೆಟ್ಟಿಲು. ಅದರ ಬಾಗಿಲು ತೆರೆಯುವುದು ಅಂಗಡಿಯ ಪಕ್ಕಕ್ಕೆ. ಮೆಟ್ಟಿಲ ಬುಡದಲ್ಲಿ ಮಗುವಿನ ತಳ್ಳುಗಾಡಿ, ಎರಡು ಸೈಕಲ್, ಚಾರ್ಜಿಗೆ ಹಾಕಿದ ಒಂದು ವಿದ್ಯುತ್ ಸ್ಕೂಟರ್. ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲೊಂದಕ್ಕೆ ಅಡಿಯಲ್ಲಿ ಮರದ ಚಕ್ಕೆ ಸಿಕ್ಕಿಸಿದೆ.

ಗುಂಪುಗಳು ಸರ್ಕಾರದ ಮಾರ್ಗದರ್ಶಿಗಳಲ್ಲಿರುವ ಐದು ಹಂತಗಳನ್ನು ಅನುಸರಿಸಿದವು.

ಒಂದು, ಅಪಾಯಮೂಲ ಗುರುತಿಸುವುದು. ಕರಿಯುವ ಎಣ್ಣೆ, ವಿದ್ಯುತ್ ತಂತಿ, ಸ್ಕೂಟರಿನ ಲಿಥಿಯಂ ಬ್ಯಾಟರಿ, ರಟ್ಟಿನ ಪೆಟ್ಟಿಗೆಗಳು. ಇದು ಎಲ್ಲ ಗುಂಪಿಗೂ ಸುಲಭವಾಯಿತು.

ಎರಡು, ಯಾರಿಗೆ ಅಪಾಯ ಎಂದು ಗುರುತಿಸುವುದು. ಅಂಗಡಿಯ ಪಾತ್ರ ವಹಿಸಿದ ಗುಂಪು ‘ಕೆಲಸಗಾರರು ಇಬ್ಬರು, ಗ್ರಾಹಕರು’ ಎಂದು ಬರೆದು ನಿಲ್ಲಿಸಿತು. ನಾನು ತಿದ್ದಲಿಲ್ಲ. ಗಡಿಯಾರದ ಚಿತ್ರ ಬರೆದು ಮುಳ್ಳನ್ನು ರಾತ್ರಿ ಎರಡಕ್ಕೆ ಇಟ್ಟು, ‘ಈಗ ಕಟ್ಟಡದಲ್ಲಿ ಯಾರಿದ್ದಾರೆ?’ ಎಂದು ಕೇಳಿದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ಬೀಗ ಹಾಕಿದ ಅಂಗಡಿಯಲ್ಲಿ ಯಾರೂ ಇಲ್ಲ. ಅದರ ಮೇಲೆ ಆರೇಳು ಜನ ನಿದ್ರಿಸುತ್ತಿದ್ದಾರೆ, ಅವರಲ್ಲಿ ಇಬ್ಬರು ಮಕ್ಕಳು. ಅಂಗಡಿಯ ಎಣ್ಣೆಯ ಮೇಲೆ ಅವರಿಗೆ ಯಾವ ಅಧಿಕಾರವೂ ಇಲ್ಲ. ಕಾನೂನು ಈ ಮಾತನ್ನು ಹೇಳಿಯೇ ಇದೆ: ಕಟ್ಟಡದೊಳಗೆ ನ್ಯಾಯವಾಗಿ ಇರುವವರು ಮಾತ್ರವಲ್ಲ, ಅಲ್ಲಿನ ಬೆಂಕಿಯಿಂದ ಅಪಾಯಕ್ಕೊಳಗಾಗುವ ತೀರ ಹತ್ತಿರದವರೂ ಲೆಕ್ಕಕ್ಕೆ ಬರಬೇಕು.

ಮೂರು, ಅಪಾಯಸಂಭವವನ್ನು ಅಳೆದು, ತೆಗೆದುಹಾಕಿ ಅಥವಾ ತಗ್ಗಿಸಿ, ಉಳಿದದ್ದರಿಂದ ಜನರನ್ನು ಕಾಪಾಡುವುದು. ಇಲ್ಲಿ ಸ್ಕೂಟರಿನ ಚರ್ಚೆ ಚೆನ್ನಾಗಿ ಬಂತು. ಹಿತ್ತಲಿನಲ್ಲಿ ಹಗಲು ಹೊತ್ತು ಚಾರ್ಜಿಗಿಟ್ಟರೂ, ಮೆಟ್ಟಿಲ ಬುಡದಲ್ಲಿ ರಾತ್ರಿ ಇಟ್ಟರೂ ಅಪಾಯಮೂಲ ಒಂದೇ. ಆದರೆ ಒಂದೇ ದಾರಿಯಲ್ಲಿ ಹೊಗೆ ತುಂಬಿದರೆ ಮೇಲಿನವರು ಇಳಿಯುವುದೆಲ್ಲಿಂದ? ಅಪಾಯಸಂಭವ ಬೇರೆಯಾಯಿತು. ಹಾಗೆಯೇ ಬಾಗಿಲು. ಇಂಥ ಬಾಗಿಲುಗಳನ್ನು ಸಾಮಾನ್ಯವಾಗಿ 30 ನಿಮಿಷ ಬೆಂಕಿ ತಡೆಯುವಂತೆ ಮಾಡಿರುತ್ತಾರೆ. ಚಕ್ಕೆ ಸಿಕ್ಕಿಸಿ ತೆರೆದಿಟ್ಟರೆ ಆ ಬಾಗಿಲು ಒಂದು ನಿಮಿಷವನ್ನೂ ತಡೆಯದು.

ನಾಲ್ಕು, ದಾಖಲಿಸುವುದು, ಯೋಜಿಸುವುದು, ತಿಳಿಸುವುದು, ತರಬೇತಿ ಕೊಡುವುದು. ಮೊದಲು ಐವರು ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆ ಮುಖ್ಯಾಂಶಗಳನ್ನು ಬರೆದಿಡುವುದು ಕಡ್ಡಾಯವಾಗಿತ್ತು. 2022ರ ಬಿಲ್ಡಿಂಗ್ ಸೇಫ್ಟಿ ಆ್ಯಕ್ಟ್ ತಂದ ಬದಲಾವಣೆಯಿಂದ, 2023ರ ಅಕ್ಟೋಬರ್ 1ರಿಂದ, ವ್ಯವಹಾರ ಎಷ್ಟೇ ಚಿಕ್ಕದಿರಲಿ, ಇಡೀ ಅಂದಾಜನ್ನು ಬರೆದಿಡಬೇಕು.

ಐದು, ಮರುಪರಿಶೀಲನೆ. ಹೊಸ ಬಾಡಿಗೆದಾರ, ಹೊಸ ಒಲೆ, ಚಿಕ್ಕ ಬೆಂಕಿ, ಯಾವುದಾದರೂ ಒಂದು ಬದಲಾದರೆ ಅಂದಾಜನ್ನು ಮತ್ತೆ ತೆರೆಯಬೇಕು.

ಹಂತ 4: ಹೊಣೆ ಯಾರದು?

ನಕ್ಷೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಗಡಿ ಎಳೆಸಿದೆ. ಅಂಗಡಿಗೆ ಅದನ್ನು ನಡೆಸುವ ಮಾಲೀಕ ಹೊಣೆಗಾರ. ಎಲ್ಲರೂ ಬಳಸುವ ಮೆಟ್ಟಿಲಿಗೆ ಕಟ್ಟಡ ಬಾಡಿಗೆಗೆ ಕೊಟ್ಟವರು. ಇಬ್ಬರು ಹೊಣೆಗಾರರಿದ್ದಲ್ಲಿ ಪರಸ್ಪರ ಸಹಕರಿಸಿ ಮಾಹಿತಿ ಹಂಚಿಕೊಳ್ಳುವುದು ಕಾನೂನಿನ ಕಟ್ಟಳೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು ಬಿದ್ದ ಬೆಂಕಿಗೆ 72 ಜನ ಬಲಿಯಾದ ಮೇಲೆ, 2021ರ ಫೈರ್ ಸೇಫ್ಟಿ ಆ್ಯಕ್ಟ್ ಇನ್ನೊಂದು ಗಡಿಯನ್ನು ಸ್ಪಷ್ಟಪಡಿಸಿತು: ಹಲವು ಮನೆಗಳಿರುವ ಕಟ್ಟಡದಲ್ಲಿ ಕಟ್ಟಡದ ಚೌಕಟ್ಟು, ಹೊರಗೋಡೆ, ಪ್ರತಿ ಮನೆಯ ಮುಂಬಾಗಿಲು ಕೂಡ ಅಂದಾಜಿನೊಳಗೆ ಬರುತ್ತವೆ.

ಒಂದೇ ಕುಟುಂಬ ವಾಸಿಸುವ ಮನೆಯ ಒಳಭಾಗಕ್ಕೆ 2005ರ ಆದೇಶ ಅನ್ವಯಿಸುವುದಿಲ್ಲ. ಹಾಗೆಂದು ಬಾಡಿಗೆಗೆ ಕೊಟ್ಟವರು ಕೈತೊಳೆದುಕೊಳ್ಳುವಂತಿಲ್ಲ. 2015ರ ನಿಯಮಗಳಂತೆ, ವಾಸದ ಕೋಣೆಯಿರುವ ಪ್ರತಿ ಅಂತಸ್ತಿನಲ್ಲಿ ಕನಿಷ್ಠ ಒಂದು ಹೊಗೆ ಎಚ್ಚರಿಕೆ ಗಂಟೆ ಇರಬೇಕು. ಬಾಡಿಗೆ ಆರಂಭವಾಗುವ ದಿನ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಕೆಟ್ಟಿದೆ ಎಂದು ತಿಳಿಸಿದರೆ ಸರಿಪಡಿಸಬೇಕು ಎಂಬುದು 2022ರ ಅಕ್ಟೋಬರ್‌ನಿಂದ ಸೇರಿದೆ. ಇನ್ನು ಐವರು ಅಥವಾ ಹೆಚ್ಚು ಜನ, ಒಂದಕ್ಕಿಂತ ಹೆಚ್ಚು ಕುಟುಂಬಗಳವರು, ಅಡುಗೆಮನೆ ಬಚ್ಚಲುಮನೆ ಹಂಚಿಕೊಂಡು ಇರುವ ಮನೆಗೆ ಸ್ಥಳೀಯ ಕೌನ್ಸಿಲ್‌ನ ಪರವಾನಗಿ ಬೇಕು.

ಮೌಲ್ಯಮಾಪನ ಪ್ರಶ್ನೆಗಳು

1. ಒಂದೇ ಅಪಾಯಮೂಲ, ಎರಡು ಬೇರೆ ಅಪಾಯಸಂಭವ: ಇದಕ್ಕೆ ಪಾಠದಲ್ಲಿ ಬಾರದ ಒಂದು ಉದಾಹರಣೆ ಕೊಡಿ.
2. ಸರ್ಟಿಫಿಕೇಟ್ ಪದ್ಧತಿಯಲ್ಲಿ ಯಾವ ಅನುಕೂಲವಿತ್ತು? ಅದನ್ನು ಕೈಬಿಟ್ಟದ್ದರಿಂದ ಏನು ಸಿಕ್ಕಿತು, ಏನು ಹೋಯಿತು?
3. ಮೆಟ್ಟಿಲ ಬುಡದ ತಳ್ಳುಗಾಡಿಯನ್ನು ತೆಗೆಯಿರಿ ಎಂದು ಮೊದಲ ಮಹಡಿಯ ತಾಯಿಗೆ ಹೇಳಬೇಕಾಗಿದೆ. ಬಾಡಿಗೆಗೆ ಕೊಟ್ಟವರು ಹೇಗೆ ಹೇಳಬೇಕು? ಬದಲಿ ಜಾಗವನ್ನು ಯಾರು ಒದಗಿಸಬೇಕು?

ಎರಡನೆಯ ಪ್ರಶ್ನೆಗೆ ಒಂದೇ ಸರಿ ಉತ್ತರವಿಲ್ಲ. ಅಧಿಕಾರಿಯ ಕಣ್ಣು ಇದ್ದಾಗ ಜನಕ್ಕೆ ಒಂದು ಭರವಸೆ ಇತ್ತು. ಮಾಲೀಕನೇ ಅಂದಾಜು ಮಾಡುವಾಗ ಅವನ ಅರಿವು ಕಡಿಮೆಯಿದ್ದರೆ ಅಂದಾಜೂ ಕಡಿಮೆಯೇ. ಎರಡೂ ಕಡೆಯ ವಾದ ಬಂದರೆ ಪೂರ್ಣ ಅಂಕ ಕೊಡಿ.

ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

ಈ ಪಾಠವನ್ನು ಅಭ್ಯಾಸ ಬೋಧನೆಯಲ್ಲಿ ಮಾಡುವವರು ಐದು ಹಂತಗಳನ್ನು ಮೊದಲೇ ಬಾಯಿಪಾಠ ಮಾಡಿಸಬೇಡಿ. ನಕ್ಷೆ ಮೊದಲು, ಗಡಿಯಾರ ಆಮೇಲೆ, ಹಂತಗಳ ಹೆಸರು ಕೊನೆಗೆ. ದುರಂತದ ಚಿತ್ರಗಳನ್ನು ತೋರಿಸುವ ಅಗತ್ಯವಿಲ್ಲ. ಭಯಗೊಂಡ ಮಗು ಚಿತ್ರವನ್ನು ನೆನಪಿಟ್ಟುಕೊಳ್ಳುತ್ತದೆ, ಕಾರಣವನ್ನಲ್ಲ. ‘ಜಾಗ್ರತೆ ವಹಿಸಬೇಕು’ ಎಂಬ ಉತ್ತರ ಬಂದರೆ ‘ಯಾರು, ಏನನ್ನು, ಯಾವಾಗ?’ ಎಂದು ಮರುಪ್ರಶ್ನೆ ಹಾಕಿ.

ಪಾಠ ಯೋಜನೆಗೂ ಇಲ್ಲಿ ಒಂದು ಮಾತು ಸಲ್ಲುತ್ತದೆ. ಪರಿಶೀಲಕರು ಬಂದಾಗ ತೋರಿಸಲೆಂದೇ ಬರೆದ ಅಂದಾಜಿನಲ್ಲಿ ಎಲ್ಲ ಚೌಕಗಳಿಗೂ ಗುರುತು ಬಿದ್ದಿರುತ್ತದೆ, ಮೇಲೆ ಮಲಗಿದವರ ಹೆಸರು ಮಾತ್ರ ಇರುವುದಿಲ್ಲ. ವೀಕ್ಷಕ ಅಧ್ಯಾಪಕರಿಗೆಂದೇ ಬರೆದ ಪಾಠ ಯೋಜನೆಯೂ ಹಾಗೆಯೇ ಆಗಬಹುದು. ಆದ್ದರಿಂದ ಮುಂದಿನ ಯೋಜನೆಯಲ್ಲಿ ‘ಪೂರ್ವಜ್ಞಾನ’ದ ಕೆಳಗೆ ಒಂದು ಸಾಲು ಸೇರಿಸಿ: ಈ ಪಾಠ ಯಾರಿಗೆ ತಲುಪದೆ ಹೋಗಬಹುದು, ಅವರಿಗಾಗಿ ನಾನು ಏನು ಮಾಡುತ್ತೇನೆ. ಆ ಸಾಲನ್ನು ಪಾಠದ ನಂತರ ಮತ್ತೆ ಓದಿ, ಬೇಕಾದಂತೆ ಬದಲಿಸಿ, ವಾರದ ಚರ್ಚೆಗೆ ತನ್ನಿ.